ಗೊಂಬೆ ಬಾಗಿದರೆ ಕಡಗ: ಒಡವೆಯಾಗುವ ಆಟಿಕೆಯ ವಿನ್ಯಾಸ ಹೇಗೆ?

ಆಡುವಾಗ ಗೊಂಬೆ, ಆಟ ಮುಗಿದ ಮೇಲೆ ಮಣಿಕಟ್ಟಿಗೆ ಕಡಗ. ಕೇಳಲು ಇಷ್ಟು ಸರಳ. ಮೇಜಿನ ಮೇಲೆ ಇಟ್ಟುಕೊಳ್ಳುವ ತ್ರೀಡಿ ಪ್ರಿಂಟರ್‌ಗಳು ಬಂದ ಮೇಲೆ ಇಂಥ ಆಟಿಕೆಗೆ ಕಾರ್ಖಾನೆಯೇ ಬೇಕೆಂದಿಲ್ಲ. ಕರಕುಶಲ ಕೆಲಸದವರು, ವಿನ್ಯಾಸ ಓದುವ ವಿದ್ಯಾರ್ಥಿಗಳು, ಮಗುವಿಗೆ ಕೈಯಾರೆ ಏನಾದರೂ ಮಾಡಿಕೊಡಬೇಕೆನ್ನುವ ಅಪ್ಪ-ಅಮ್ಮಂದಿರು ಎಲ್ಲರೂ ಕೈಹಾಕುತ್ತಾರೆ. ಮೊದಲ ಮಾದರಿ ಹೆಚ್ಚಾಗಿ ಒಂದೇ ರೀತಿಯಲ್ಲಿ ಕೈಕೊಡುತ್ತದೆ: ಗೊಂಬೆಯಾಗಿ ಚೆಂದ, ಕೈಗೆ ಹಾಕಲು ಹೋದರೆ ಸುತ್ತೇ ಬರುವುದಿಲ್ಲ. ಅದನ್ನು ಸರಿಮಾಡಿದರೆ ಕಡಗ ಚೆಂದ, ಗೊಂಬೆ ಮಾತ್ರ ಮೊಳಕಾಲು ದಾಟಿದ ಕೈಗಳ ಕೋತಿಯಂತೆ ಕಾಣುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ.

ಗೊಂಬೆ ಮತ್ತು ಒಡವೆ ಬೇಡುವ ಗುಣಗಳು ಒಂದಕ್ಕೊಂದು ಎದುರು ನಿಲ್ಲುವುದೇ ಇದಕ್ಕೆ ಕಾರಣ. ಗೊಂಬೆಗೆ ಗಟ್ಟಿಯಾದ ಮೈ ಬೇಕು, ಒಡವೆಗೆ ಬಾಗುವ ಮೈ. ಗೊಂಬೆಯನ್ನು ಎಳೆದರೂ ಕಳಚಬಾರದು, ಕುತ್ತಿಗೆಯ ಸರ ಎಳೆದರೆ ಕಳಚಲೇಬೇಕು. ಗೊಂಬೆ ಎಷ್ಟು ದಪ್ಪವಿದ್ದರೂ ನಡೆಯುತ್ತದೆ, ಕಡಗ ದಪ್ಪವಾದಷ್ಟೂ ಒಳಗಿನ ಜಾಗ ಕಿರಿದಾಗುತ್ತದೆ. ಈ ಜಗಳಗಳನ್ನು ಎಲ್ಲಿ, ಹೇಗೆ ರಾಜಿ ಮಾಡಿಸುತ್ತೇವೆ ಎನ್ನುವುದೇ ಇಲ್ಲಿನ ವಿನ್ಯಾಸ.

ಬದಲಾಗುವ ನಾಲ್ಕು ದಾರಿಗಳು

ಕಲ್ಪನೆ ಹೊಸದಲ್ಲ. 1960ರ ದಶಕದ ಕೊನೆಯಲ್ಲೇ ಅಮೆರಿಕದ ಮ್ಯಾಟೆಲ್ ತನ್ನ ಲಿಡಲ್ ಕಿಡಲ್ಸ್ ಸಾಲಿನಲ್ಲಿ ಲಾಕೆಟ್‌ನೊಳಗೆ ಕೂರುವ ಪುಟಾಣಿ ಗೊಂಬೆಗಳನ್ನು ತಂದಿತ್ತು. 1983ರ ಚಾರ್ಮ್‌ಕಿನ್ಸ್ ಗೊಂಬೆಗಳೂ ಮೈಮೇಲೆ ಧರಿಸುವಂಥವೇ. 1989ರಲ್ಲಿ ಅಂಗಡಿಗೆ ಬಂದ ಪಾಲಿ ಪಾಕೆಟ್‌ನ ಮೂಲ ಒಂದು ಪೌಡರ್ ಡಬ್ಬಿ. ಅದರಲ್ಲೂ ಉಂಗುರ, ಲಾಕೆಟ್‌ಗಳು ಬಂದವು.

ಹಳೆಯದು ಹೊಸದು ಎಲ್ಲವನ್ನೂ ಮುಂದಿಟ್ಟು ನೋಡಿದರೆ ದಾರಿಗಳು ನಾಲ್ಕೇ. ಮೊದಲನೆಯದು ಗೂಡು: ಒಡವೆಯೇ ಡಬ್ಬಿ, ಗೊಂಬೆ ಅದರೊಳಗಿನ ನಿವಾಸಿ. ಮಾಡಲು ಇದೇ ಅತಿ ಸುಲಭ, ಆದರೆ ಇಲ್ಲಿ ಗೊಂಬೆ ಬದಲಾಗುವುದಿಲ್ಲ, ಅಡಗುತ್ತದೆ ಅಷ್ಟೆ. ಎರಡನೆಯದು ಬಿಡಿಭಾಗ: ಗೊಂಬೆಯ ಕಿರೀಟ ತೆಗೆದರೆ ಉಂಗುರ, ನಡುಪಟ್ಟಿ ತೆಗೆದರೆ ಬಳೆ. ಆಟ ಶ್ರೀಮಂತ, ಆದರೆ ಒಂದು ವಾರದಲ್ಲಿ ಅರ್ಧ ಭಾಗಗಳು ಮಂಚದ ಕೆಳಗೆ ಸೇರುತ್ತವೆ. ಮೂರನೆಯದು ತೂಗುವ ಗೊಂಬೆ: ಕಾಲು ಮಡಚಿ ಪದಕದಂತೆ ಕುತ್ತಿಗೆಗೆ ಹಾಕಿಕೊಳ್ಳುವುದು. ನಾಲ್ಕನೆಯದು ಸುತ್ತುವ ಗೊಂಬೆ: ಗೊಂಬೆಯ ಇಡೀ ಮೈಯೇ ಬಾಗಿ ಕಡಗವಾಗುವುದು.

ವಿನ್ಯಾಸದ ದೃಷ್ಟಿಯಿಂದ ನಾಲ್ಕನೆಯದೇ ಅತ್ಯಂತ ಕಷ್ಟದ್ದು, ಅತ್ಯಂತ ಸೊಗಸಿನದ್ದೂ ಹೌದು. ಯಾವ ಭಾಗವೂ ಕಳಚಿ ಬೇರೆಯಾಗುವುದಿಲ್ಲವಾದ್ದರಿಂದ ಕಳೆದುಹೋಗುವ ಚಿಂತೆಯಿಲ್ಲ, ನುಂಗುವ ಭಯವೂ ಕಡಿಮೆ. ಹಾಗಾಗಿ ಇಲ್ಲಿ ಅದನ್ನೇ ಬಿಡಿಸಿ ನೋಡೋಣ.

ಅಳತೆ ಮೊದಲು, ಮುಖ ಆಮೇಲೆ

ಹೆಚ್ಚಿನವರು ಗೊಂಬೆಯ ಮುಖ ಬರೆಯುವುದರಿಂದ ಶುರು ಮಾಡುತ್ತಾರೆ. ಶುರುವಾಗಬೇಕಾದ್ದು ಮಣಿಕಟ್ಟಿನಿಂದ. ಒಂದು ಕಾಗದದ ಪಟ್ಟಿಯನ್ನು ಮಗುವಿನ ಮಣಿಕಟ್ಟಿಗೆ ಸುತ್ತಿ ಗುರುತು ಹಾಕಿ. 14 ಸೆಂ.ಮೀ. ಬಂತೆನ್ನೋಣ. ಕೈ ಆಡಲು 1.5 ಸೆಂ.ಮೀ. ಸಡಿಲ ಸೇರಿಸಿದರೆ ಕಡಗದ ಒಳಸುತ್ತು 155 ಮಿ.ಮೀ.

ಹಾಗಾದರೆ ಗೊಂಬೆಯ ಉದ್ದವೂ 155 ಮಿ.ಮೀ. ಇದ್ದರೆ ಸಾಕೇ? ಸಾಲದು. ಎಲ್ಲರೂ ಎಡವುವುದು ಇಲ್ಲೇ. ದಪ್ಪವಿರುವ ಯಾವ ವಸ್ತುವನ್ನು ಬಾಗಿಸಿದರೂ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಉದ್ದ ಬದಲಾಗದೆ ಉಳಿಯುವುದು ನಡುವಿನ ಗೆರೆ ಮಾತ್ರ. ಕೀಲುಗಳನ್ನು ದಪ್ಪದ ನಡುವೆ ಕೂರಿಸಿದ ಗೊಂಬೆಯಲ್ಲಿ ಆ ಗೆರೆ ಕೀಲುಗಳ ಮೂಲಕವೇ ಹಾಯುತ್ತದೆ. ಕಂಬಕ್ಕೆ ತೆಳು ದಾರ ಸುತ್ತುವುದಕ್ಕೂ ದಪ್ಪ ಹಗ್ಗ ಸುತ್ತುವುದಕ್ಕೂ ಇರುವ ವ್ಯತ್ಯಾಸ ಇದೇ: ಸುತ್ತು ಒಂದೇ ಆದರೂ ಹಗ್ಗ ಹೆಚ್ಚು ಉದ್ದ ಬೇಡುತ್ತದೆ.

ಲೆಕ್ಕ ಚಿಕ್ಕದು. ಬೇಕಾದ ಒಳಸುತ್ತಿಗೆ ಗೊಂಬೆಯ ದಪ್ಪದ 3.14 ಪಟ್ಟು ಸೇರಿಸಿ. ದಪ್ಪ 6 ಮಿ.ಮೀ. ಇದ್ದರೆ 155ಕ್ಕೆ ಸುಮಾರು 19 ಸೇರಿ 174 ಮಿ.ಮೀ. ದಪ್ಪ 10 ಮಿ.ಮೀ. ಆದರೆ 186. ಇದನ್ನು ಮರೆತು 10 ಮಿ.ಮೀ. ದಪ್ಪದ ಗೊಂಬೆಯನ್ನು 155 ಮಿ.ಮೀ. ಉದ್ದಕ್ಕೇ ಮಾಡಿದರೆ ಒಳಗೆ ಉಳಿಯುವ ಸುತ್ತು ಸುಮಾರು 124 ಮಿ.ಮೀ. ಮಾತ್ರ. 140 ಮಿ.ಮೀ. ಮಣಿಕಟ್ಟಿಗೆ ಅದು ಎಂದೂ ಆಗುವುದಿಲ್ಲ. ಲೆಕ್ಕ ಬೇಡವೆಂದರೆ 6 ಮಿ.ಮೀ. ದಪ್ಪದ ಫೋಮ್ ಹಾಳೆಯಿಂದ ಪಟ್ಟಿ ಕತ್ತರಿಸಿ ಕೈಗೆ ಸುತ್ತಿ ನೋಡಿ, ಸತ್ಯ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಕೈ ಬೇಡ, ಜಡೆ ಬೇಕು

174 ಮಿ.ಮೀ. ಉದ್ದವನ್ನು ಗೊಂಬೆಯ ಮೈಯಲ್ಲಿ ಹೇಗೆ ಹಂಚುವುದು? ತಲೆ ಕಡಗದ ಅಲಂಕಾರ ಭಾಗ, ಅದು ಕೈಗಡಿಯಾರದ ಮುಖದಂತೆ ಮಣಿಕಟ್ಟಿನ ಮೇಲ್ಭಾಗದಲ್ಲಿ ಕೂರಬೇಕು. ಎಂದರೆ ತಲೆಯ ಎರಡೂ ಕಡೆ ಸಮನಾದ ಪಟ್ಟಿ ಬೇಕು. ಒಂದು ಕಡೆಗೆ ಮುಂಡ ಮತ್ತು ಕಾಲು. ಇನ್ನೊಂದು ಕಡೆಗೆ?

ಮೊದಲು ಹೊಳೆಯುವ ಉತ್ತರ, ಮೇಲೆತ್ತಿದ ಕೈಗಳು. ಅಲ್ಲೇ ಕೋತಿ ಹುಟ್ಟುವುದು. ತಲೆಯನ್ನು ದಾಟಿ ಮಣಿಕಟ್ಟಿನ ಕೆಳಗೆ ಪಾದವನ್ನು ಮುಟ್ಟುವಷ್ಟು ಕೈ ಉದ್ದವಾದರೆ, ಕೈ ಇಳಿಬಿಟ್ಟಾಗ ಅದು ಕಾಲಿನ ತುದಿಯನ್ನು ತಲುಪುತ್ತದೆ.

ಮನುಷ್ಯನ ಆಕಾರದಲ್ಲಿ ಎಷ್ಟು ಉದ್ದವಾದರೂ ಅಸಹಜ ಅನ್ನಿಸದ ಭಾಗ ಒಂದೇ ಒಂದು, ಜಡೆ. ನೆತ್ತಿಯಿಂದ ಹೊರಟು ಬೆನ್ನ ಮೇಲೆ ಇಳಿಯುವ ಒಂದೇ ಉದ್ದ ಜಡೆ. ಕಡಗವಾಗುವಾಗ ಅದನ್ನು ತಲೆಯ ಮೇಲಿಂದ ಆಚೆಗೆ ಎತ್ತಿದರೆ ಸಾಕು.

ಈಗ ಅಳತೆ ಕೂಡಿಬರುತ್ತದೆ. ತಲೆ 28 ಮಿ.ಮೀ. ಉಳಿದ 146ರಲ್ಲಿ ಜಡೆಗೆ 73, ಮೈಗೆ 73. ಮೈಯ 73ನ್ನು ಮುಂಡಕ್ಕೆ 20, ಸೊಂಟದ ತುಂಡಿಗೆ 13, ತೊಡೆಗೆ 16, ಮೀನಖಂಡಕ್ಕೆ 16, ಪಾದಕ್ಕೆ 8 ಎಂದು ಹಂಚಬಹುದು. ಜಡೆಗೆ ಸುಮಾರು 10 ಮಿ.ಮೀ.ನ ಏಳು ತುಂಡುಗಳು. ಗೊಂಬೆಯ ಎತ್ತರ 10 ಸೆಂ.ಮೀ.ಗೆ ಹತ್ತಿರ, ಮುಷ್ಟಿಯಲ್ಲಿ ಹಿಡಿಯಲು ಹೇಳಿ ಮಾಡಿಸಿದಂತೆ. ಜಡೆ ಹಿಂದಕ್ಕೆ ಇಳಿದಾಗ ತಲೆಯ ಹಿಂಬದಿಯನ್ನು ದಾಟಿ ತೊಡೆಯವರೆಗೆ ಬರುತ್ತದೆ. ದೊಡ್ಡ ತಲೆ, ಪುಟ್ಟ ಮೈ ಆಟಿಕೆಗೆ ಚೆಂದವೇ.

ಕೈಗಳು ಪಕ್ಕಕ್ಕೆ ಒತ್ತಿದರೆ ಮುಂಡದ ಕುಳಿಯೊಳಗೆ ಕೂರುವಂತಿರಲಿ. ಹೊರಗೆ ಚಾಚಿದ ಪುಟ್ಟ ಕೈ ಅಂಗಿಯ ನೂಲಿಗೆ ಸಿಕ್ಕಿಕೊಳ್ಳುವುದು ಖಂಡಿತ. ತಲೆಯ ದಪ್ಪ 14 ಮಿ.ಮೀ. ದಾಟದಿರಲಿ. ತಲೆಯ ಹಿಂಭಾಗವನ್ನು ಸ್ವಲ್ಪ ಒಳಬಾಗಿಸಿದರೆ ಮಣಿಕಟ್ಟಿನ ಮೇಲೆ ಅಲುಗಾಡದೆ ಕೂರುತ್ತದೆ. ಬಿಡಿಕೂದಲು ನೆಟ್ಟ ತಲೆ ಈ ಆಟಿಕೆಗೆ ಒಗ್ಗುವುದಿಲ್ಲ. ಕೂದಲು ಕೀಲುಗಳಲ್ಲಿ, ಕೊಂಡಿಯಲ್ಲಿ ಸಿಕ್ಕಿ ಎರಡನ್ನೂ ಕೆಡಿಸುತ್ತದೆ. ಅಚ್ಚಿನಲ್ಲೇ ಮೂಡಿದ ಕೂದಲು ವಾಸಿ.

ಕೀಲುಗಳು: ಎಷ್ಟು, ಯಾವ ಕಡೆಗೆ

ಪೂರ್ತಿ ಸುತ್ತು 360 ಡಿಗ್ರಿ. ಅದನ್ನು ಕೀಲುಗಳು ಹಂಚಿಕೊಳ್ಳಬೇಕು. ನಮ್ಮ ಗೊಂಬೆಯಲ್ಲಿ ಕುತ್ತಿಗೆ, ನಡು, ತೊಡೆಸಂದು, ಮಂಡಿ, ಕಾಲಗಂಟು ಸೇರಿ ಐದು. ಜಡೆಯಲ್ಲಿ ನೆತ್ತಿಯ ಕೀಲೂ ಸೇರಿ ಏಳು. ಪಾದ ಮತ್ತು ಜಡೆಯ ತುದಿ ಕೂಡುವ ಕೊಂಡಿ ಒಂದು. ಒಟ್ಟು ಹದಿಮೂರು, ತಲಾ ಸುಮಾರು 28 ಡಿಗ್ರಿ. ಕೀಲು ಕಡಿಮೆಯಾದರೆ ಕಡಗ ದುಂಡಾಗದೆ ಮೂಲೆಮೂಲೆಯಾಗುತ್ತದೆ. ಎಂಟಕ್ಕಿಂತ ಕಡಿಮೆ ಬೇಡ.

ಬಾಗುವ ದಿಕ್ಕು ಇನ್ನೂ ಮುಖ್ಯ. ಗೊಂಬೆಯ ಮುಖ ಹೊರಗೆ ಕಾಣಬೇಕಾದರೆ ಬೆನ್ನು ಚರ್ಮಕ್ಕೆ ತಾಗುತ್ತದೆ, ಎಂದರೆ ಇಡೀ ಮೈ ಹಿಂದಕ್ಕೆ ಬಾಗಬೇಕು. ಮಂಡಿ ಹೇಗೂ ಹಿಂದಕ್ಕೇ ಬಾಗುವುದು, ಅಲ್ಲಿ ತೊಂದರೆಯಿಲ್ಲ. ಆದರೆ ಗೊಂಬೆಗಳ ತೊಡೆಸಂದನ್ನು ಕೂರಲು ಅನುಕೂಲವಾಗಲೆಂದು ಸಾಮಾನ್ಯವಾಗಿ ಮುಂದಕ್ಕೆ ಮಾತ್ರ ಬಾಗಿಸುತ್ತಾರೆ. ಇಲ್ಲಿ ಅದು ಮುಂದಕ್ಕೆ 90, ಹಿಂದಕ್ಕೆ 28 ಡಿಗ್ರಿ ಎರಡೂ ಬಾಗಬೇಕು. ಕಾಲಗಂಟಿಗೂ ಎರಡು ಕೆಲಸ: ನಿಂತಾಗ ಪಾದ ಮುಂದಕ್ಕೆ ಮಡಚಿರಬೇಕು, ಕಡಗವಾದಾಗ ನರ್ತಕಿಯ ಪಾದದಂತೆ ಕೆಳಮುಖವಾಗಿ ಚಾಚಬೇಕು. ಎರಡು ಕಾಲುಗಳ ನಡುವೆ ಒಂದು ಸಣ್ಣ ಗುಬುಟು, ಅದಕ್ಕೆ ಹೊಂದುವ ಗುಳಿ ಇಡಿ. ಕಡಗವಾದಾಗ ಕಾಲುಗಳು ಅಗಲದೆ ಜೋಡಿಯಾಗಿ ನಿಲ್ಲುತ್ತವೆ.

ಪ್ರತಿ ಕೀಲಿನಲ್ಲೂ ಒಳಬದಿಯ ಅಂಚನ್ನು ಇಳಿಜಾರಾಗಿ ಕತ್ತರಿಸದಿದ್ದರೆ ತುಂಡುಗಳು ಒಂದಕ್ಕೊಂದು ಡಿಕ್ಕಿಯಾಗಿ ಬಾಗುವುದೇ ಇಲ್ಲ. ಕೀಲಿನ ಕಡ್ಡಿ ದಪ್ಪದ ನಡುವೆ ಇದ್ದರೆ ಎರಡೂ ತುಂಡುಗಳಿಗೆ ತಲಾ 14 ಡಿಗ್ರಿ ಇಳಿಜಾರು ಸಾಕು. 6 ಮಿ.ಮೀ. ದಪ್ಪಕ್ಕೆ ಒಳಅಂಚಿನಲ್ಲಿ ಎರಡೂ ಕಡೆ ಸೇರಿ 1.5 ಮಿ.ಮೀ.ನಷ್ಟು ಜಾಗ. ಆ ಇಳಿಜಾರೇ ತಡೆಯೂ ಆಗುತ್ತದೆ: 28 ಡಿಗ್ರಿ ಬಾಗಿದೊಡನೆ ಮುಖಕ್ಕೆ ಮುಖ ತಾಗಿ ಕೀಲು ನಿಲ್ಲುತ್ತದೆ. ತಡೆಯಿಲ್ಲದ ಕಡಗದಲ್ಲಿ ಒಂದು ಕೀಲು ಪೂರಾ ಮಡಚಿ, ಪಕ್ಕದ್ದು ನೆಟ್ಟಗೆ ನಿಂತು, ಒಟ್ಟು ಆಕಾರ ಮೊಟ್ಟೆಯಂತಾಗುತ್ತದೆ.

ಚರ್ಮ ಚಿವುಟುವುದೂ ಈ ಸಂದಿಯಲ್ಲೇ. ಬಾಗುವಾಗ ಮುಚ್ಚಿಕೊಳ್ಳುವ ಸಂದಿ ಒಳಬದಿಯಲ್ಲಿ, ಚರ್ಮದ ಕಡೆಗೇ ಇದೆಯಲ್ಲ. ಪರಿಹಾರ ಎರಡು. ಒಳಬದಿಗೆ 0.8 ಮಿ.ಮೀ. ಸಿಲಿಕೋನ್ ಪಟ್ಟಿಯೊಂದನ್ನು ಉದ್ದಕ್ಕೂ ಹಾಯಿಸಿ ಸಂದಿಗಳನ್ನು ಮುಚ್ಚುವುದು. ಇಲ್ಲವೇ ಕೀಲಿನ ಕಡ್ಡಿಯನ್ನೇ ಒಳಮೈಗೆ ಸರಿಸುವುದು. ಆಗ ಒಳಗೆ ಸಂದಿಯೇ ಇರುವುದಿಲ್ಲ, ಬಾಗಿದಾಗ ಹೊರಗೆ ತೆರೆಯುತ್ತದೆ. ಕಡ್ಡಿ ಸರಿಸಿದರೆ ಉದ್ದದ ಲೆಕ್ಕವನ್ನೂ ಬದಲಿಸಬೇಕು. ಏಕೆಂದರೆ ಬದಲಾಗದ ಗೆರೆ ಈಗ ಒಳಮೈಯಲ್ಲಿದೆ, 174ರ ಬದಲು 155ಕ್ಕೆ ಹತ್ತಿರದ ಅಳತೆಯೇ ಸಾಕು. ತಡೆಗೆ ಬೇರೆ ಏರ್ಪಾಡೂ ಬೇಕಾಗುತ್ತದೆ. ಸಾಮಾನ್ಯ ನಿಯಮವಾಗಿ, ಚಲಿಸುವ ಎರಡು ಭಾಗಗಳ ನಡುವಿನ ಸಂದಿ 5 ಮಿ.ಮೀ.ಗಿಂತ ಚಿಕ್ಕದಿರಲಿ, ಇಲ್ಲವೇ 12 ಮಿ.ಮೀ.ಗಿಂತ ದೊಡ್ಡದಿರಲಿ. ನಡುವಿನದ್ದು ಬೆರಳಿಗೆ ಅಪಾಯ.

ಕೀಲಿಗೆ ಕಡ್ಡಿಯ ಬದಲು ಎಲ್ಲ ತುಂಡುಗಳೊಳಗೂ ಒಂದೇ ಎಲಾಸ್ಟಿಕ್ ದಾರ ಹಾಯಿಸುವವರಿದ್ದಾರೆ. ಮಾಡಲು ಸುಲಭ, ಮೊದಲ ತಿಂಗಳು ಆಟವೂ ಚೆನ್ನ. ಎಲಾಸ್ಟಿಕ್ ಸದಾ ಎಳೆತದಲ್ಲೇ ಇರುವುದರಿಂದ ನಿಧಾನವಾಗಿ ಸಡಿಲಾಗುತ್ತದೆ, ಗೊಂಬೆ ನಿಲ್ಲಲಾರದೆ ಕುಸಿಯುತ್ತದೆ. ದಾರ ಕಡಿದರಂತೂ ಹದಿಮೂರು ಚೂರು ನೆಲದ ಮೇಲೆ. ಜಡೆಗೆ ಬೇಕಾದರೆ ಬಳಸಿ, ಮೈಗೆ ಬೇಡ.

ಕೊಂಡಿ: ಕಳಚಲೂ ಬೇಕು, ಕಳಚಲೂ ಬಾರದು

ಇಡೀ ವಸ್ತುವಿನ ಹಣೆಬರಹ ಬರೆಯುವುದು ಈ ಒಂದು ಸೆಂಟಿಮೀಟರ್ ಜಾಗ.

ಬಲವನ್ನು ಅಳೆಯುವುದು ನ್ಯೂಟನ್‌ನಲ್ಲಿ. ಒಂದು ಕಿಲೋ ತೂಕ ನೇತುಹಾಕಿದರೆ ಬೀಳುವ ಎಳೆತ ಹೆಚ್ಚುಕಡಿಮೆ 10 ನ್ಯೂಟನ್. ಯುರೋಪಿನ ಆಟಿಕೆ ಮಾನದಂಡ ಇಎನ್ 71ರ ಎಳೆತದ ಪರೀಕ್ಷೆಯಲ್ಲಿ ಹಿಡಿತಕ್ಕೆ ಸಿಗುವ ಭಾಗ 6 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕದಾದರೆ 50 ನ್ಯೂಟನ್, ದೊಡ್ಡದಾದರೆ 90 ನ್ಯೂಟನ್ ಹಾಕಿ ಎಳೆಯುತ್ತಾರೆ. ಒಂಬತ್ತು ಕಿಲೋ ತೂಗಿಬಿಟ್ಟಂತೆ. ಇನ್ನೊಂದು ಕಡೆ, ಕುತ್ತಿಗೆಗೆ ಉರುಳಾಗಬಹುದಾದ ದಾರಗಳಲ್ಲಿ ತಾನಾಗಿ ಬಿಡುವ ಕೊಂಡಿಯಿದ್ದರೆ ಅದು ಸುಮಾರು 22ರಿಂದ 25 ನ್ಯೂಟನ್ ಒಳಗೇ ಬಿಟ್ಟುಕೊಳ್ಳಬೇಕು. ಒಂದೇ ವಸ್ತು 90ಕ್ಕೂ ಹಿಡಿಯಬೇಕು, 25ಕ್ಕೆ ಬಿಡಲೂ ಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬಿಡಿಸುವ ಬಗೆ ಹೀಗೆ: ದುರ್ಬಲ ಜಾಗ ಒಂದೇ ಇರಲಿ, ಅದು ಎಲ್ಲಿದೆ ಎಂದು ನಾವೇ ತೀರ್ಮಾನಿಸೋಣ. ಕೊಂಡಿಯ ಎರಡು ಅರ್ಧಗಳು ಪರಸ್ಪರ 15ರಿಂದ 20 ನ್ಯೂಟನ್‌ಗೆ ಬಿಡಲಿ. ಆದರೆ ಪ್ರತಿ ಅರ್ಧವೂ ತನ್ನ ಪಾದಕ್ಕೆ ಅಥವಾ ಜಡೆಯ ತುದಿಗೆ 90ಕ್ಕೂ ಕದಲದಂತೆ ಬೆಸೆದಿರಲಿ. ಎಳೆದಾಗ ಕಡಗ ಬಿಚ್ಚಿಕೊಳ್ಳುತ್ತದೆ, ತುಂಡು ಮಾತ್ರ ಉದುರುವುದಿಲ್ಲ. ಅರ್ಧಗಳನ್ನು ಗೋಂದಿನಿಂದ ಅಂಟಿಸಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಬೆವರು ತಾಗಿ ಗೋಂದು ಸೋತ ದಿನ ಕೊಂಡಿಗಿಂತ ಮೊದಲು ಅಂಟೇ ಬಿಡುತ್ತದೆ. ತುಂಡಿನ ಅಚ್ಚಿನಲ್ಲೇ ಕೊಂಡಿಯನ್ನೂ ಸೇರಿಸಿ ಮೂಡಿಸುವುದು ಸರಿಯಾದ ದಾರಿ.

ಯಾವ ಬಗೆಯ ಕೊಂಡಿ? ಬಟ್ಟೆಯ ಟಿಚ್ ಬಟನ್ ತತ್ವವೇ ಇಲ್ಲಿಗೂ ಒಪ್ಪುತ್ತದೆ: ಒಂದು ಕಡೆ 4 ಮಿ.ಮೀ. ಗುಂಡು, ಇನ್ನೊಂದು ಕಡೆ ಅದನ್ನು ಹಿಡಿಯುವ ಬಟ್ಟಲು. ಬಟ್ಟಲಿನ ಬಾಯಿ ಅಗಲವಾಗಿ ಇಳಿಜಾರಾಗಿದ್ದರೆ ಗುಂಡು ತಾನಾಗಿ ಜಾರಿ ಜಾಗಕ್ಕೆ ಬರುತ್ತದೆ. ಕಡಗ ಹಾಕಿಕೊಳ್ಳುವಾಗ ಮಗುವಿಗೆ ಸಿಗುವುದು ಒಂದೇ ಕೈ ಎಂಬುದನ್ನು ಮರೆಯಬಾರದು. ಒಂದು ಕೈಯಿಂದ, ಕೊಂಡಿಯನ್ನು ನೋಡದೆ, ಹೊಟ್ಟೆಗೆ ಒತ್ತಿ ಹಾಕಲು ಬರಬೇಕು. ಎರಡೂ ಕೈ ಬೇಡುವ ಕೊಂಡಿ ಅಮ್ಮನ ಕೊಂಡಿ, ಮಗುವಿನದ್ದಲ್ಲ.

ಚಾಚಿದ ನಾಲಗೆಯಂಥ ಚಿಮ್ಮುಕೊಕ್ಕೆ ಬಳಸುವುದಾದರೆ ನಾಲಗೆಯ ಉದ್ದದ ಮೇಲೆ ಎಲ್ಲವೂ ನಿಂತಿದೆ. ಪ್ರತಿ ಸಲ ಹಾಕಿ ತೆಗೆಯುವಾಗ ನಾಲಗೆ ಬಾಗುತ್ತದೆ, ಅದರ ಬುಡದ ಪ್ಲಾಸ್ಟಿಕ್ ಹಿಗ್ಗುತ್ತದೆ. ಹಿಗ್ಗನ್ನು ಲೆಕ್ಕ ಹಾಕಲು ದಪ್ಪವನ್ನು ಬಾಗುವ ದೂರದಿಂದ ಗುಣಿಸಿ, ಅದನ್ನು 1.5ರಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಬೇಕು. 1.2 ಮಿ.ಮೀ. ದಪ್ಪ, 0.6 ಮಿ.ಮೀ. ಬಾಗುವಿಕೆ, 6 ಮಿ.ಮೀ. ಉದ್ದವಿದ್ದರೆ ಹಿಗ್ಗು ಶೇ. 3. ಉದ್ದವನ್ನು 9 ಮಿ.ಮೀ.ಗೆ ಏರಿಸಿದರೆ ಶೇ. 1.3ಕ್ಕೆ ಇಳಿಯುತ್ತದೆ. ಆಟಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಗಟ್ಟಿ ಪ್ಲಾಸ್ಟಿಕ್ ಎಬಿಎಸ್‌ಗೆ ಪದೇ ಪದೇ ಶೇ. 3 ಹಿಗ್ಗು ಕೊಟ್ಟರೆ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆ, ಸ್ವಲ್ಪ ದಿನಕ್ಕೆ ಲಟಕ್ಕನೆ ಮುರಿಯುತ್ತದೆ. ಮೂರೇ ಮಿಲಿಮೀಟರ್ ಉದ್ದದ ವ್ಯತ್ಯಾಸ. ಅಸಿಟಾಲ್ ಎಂಬ ಪ್ಲಾಸ್ಟಿಕ್ ಇಂಥ ಬಾಗುವಿಕೆಯನ್ನು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ, ಬ್ಯಾಗಿನ ಪಟ್ಟಿಗಳ ಕ್ಲಿಪ್‌ಗಳಲ್ಲಿ ಅದು ಸಿಗುವುದು ಇದೇ ಕಾರಣಕ್ಕೆ. ಬುಡದ ಮೂಲೆಯನ್ನು ಚೂಪಾಗಿ ಬಿಡದೆ ಅರ್ಧ ಮಿಲಿಮೀಟರ್‌ನಷ್ಟು ದುಂಡಗೆ ಮಾಡುವುದೂ ಆಯುಷ್ಯ ಹೆಚ್ಚಿಸುತ್ತದೆ.

ಆಯಸ್ಕಾಂತದ ಆಸೆ

ಇಷ್ಟೆಲ್ಲ ಕಷ್ಟ ಯಾಕೆ, ಎರಡು ಪುಟ್ಟ ಆಯಸ್ಕಾಂತ ಇಟ್ಟರೆ ಮುಗಿಯಿತಲ್ಲ? ಎಲ್ಲರಿಗೂ ಬರುವ ಯೋಚನೆ ಇದು, ಎಲ್ಲರೂ ಬಿಡಬೇಕಾದ್ದೂ ಹೌದು. ಮಗು ಒಂದು ಆಯಸ್ಕಾಂತ ನುಂಗಿದರೆ ಅದು ಹೊರಹೋಗಬಹುದು. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿ ಕುಳಿತು ಒಂದನ್ನೊಂದು ಸೆಳೆದು, ನಡುವಿನ ಕರುಳ ಗೋಡೆಯನ್ನು ಹಿಸುಕಿ ತೂತು ಮಾಡುತ್ತವೆ. ಪಾಲಿ ಪಾಕೆಟ್‌ನ ಆಯಸ್ಕಾಂತವಿದ್ದ ಸೆಟ್‌ಗಳನ್ನು 2006 ಮತ್ತು 2007ರಲ್ಲಿ ಲಕ್ಷಗಟ್ಟಲೆ ಹಿಂಪಡೆಯಬೇಕಾದದ್ದು ಆಯಸ್ಕಾಂತಗಳು ಕಳಚಿ ಬರುತ್ತಿದ್ದುದರಿಂದ.

ನುಂಗಬಹುದಾದ ಗಾತ್ರದ ಆಯಸ್ಕಾಂತದ ಬಲಕ್ಕೆ ಆಟಿಕೆ ಮಾನದಂಡಗಳಲ್ಲಿ ಮಿತಿಯಿದೆ. ಅದರ ಮೇಲ್ಮೈ ಬಲದ ವರ್ಗವನ್ನು ತುದಿಯ ವಿಸ್ತೀರ್ಣದಿಂದ ಗುಣಿಸಿ ಬರುವ ಸೂಚ್ಯಂಕ 50ಕ್ಕಿಂತ ಕಡಿಮೆ ಇರಬೇಕು. ನಿಯೋಡಿಮಿಯಂ ಎಂಬ ಲೋಹ ಬೆರೆಸಿದ ಬಲವಾದ ಆಯಸ್ಕಾಂತದ 5 ಮಿ.ಮೀ. ಅಗಲದ ಸಾಮಾನ್ಯ ಬಿಲ್ಲೆಯೂ ಆ ಮಿತಿಯನ್ನು ಹಲವು ಪಟ್ಟು ಮೀರುತ್ತದೆ. ಮಿತಿಯೊಳಗಿನ ಆಯಸ್ಕಾಂತ ಕಡಗ ಹಿಡಿಯುವಷ್ಟು ಬಲವಿರುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಗಂಟಲಿನ ಗಾತ್ರ

ಆಟಿಕೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲೆಲ್ಲ ಒಂದು ಪುಟ್ಟ ಕೊಳವೆ ಇರುತ್ತದೆ. ಒಳವ್ಯಾಸ 31.7 ಮಿ.ಮೀ., ತಳ ಓರೆಯಾಗಿದ್ದು ಆಳ ಒಂದು ಬದಿ 25.4, ಇನ್ನೊಂದು ಬದಿ 57.1 ಮಿ.ಮೀ. ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅದು ಪ್ರತಿನಿಧಿ. ಒತ್ತದೆ ಅದರೊಳಗೆ ಪೂರ್ತಿ ಇಳಿಯುವ ಯಾವುದೇ ತುಂಡು ಕಿರುಭಾಗ, ಮೂರರೊಳಗಿನ ಮಕ್ಕಳ ಆಟಿಕೆಯಲ್ಲಿ ಅದಕ್ಕೆ ಜಾಗವಿಲ್ಲ. ಮನೆಯಲ್ಲಿ ಒರಟು ಅಂದಾಜಿಗೆ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆ ಸಾಕು. ಅದು ಅಸಲಿಗಿಂತ ಅಗಲ, ಹಾಗಾಗಿ ಅದರೊಳಗೆ ಹೋಗದ್ದು ಅಸಲಿನಲ್ಲೂ ಹೋಗುವುದಿಲ್ಲ.

ಬಿಡಿಭಾಗದ ಗೊಂಬೆಗಳ ಉಂಗುರ, ಕಿರೀಟ, ಓಲೆ ಎಲ್ಲವೂ ಈ ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತವೆ. ಆದ್ದರಿಂದ ಒಡವೆಯಾಗುವ ಗೊಂಬೆಯನ್ನು ಐದು-ಆರು ವರ್ಷಕ್ಕೆ ಮೇಲ್ಪಟ್ಟವರಿಗೆಂದೇ ಯೋಜಿಸುವುದು ಸರಿ. ಡಬ್ಬಿಯ ಮೇಲೆ ವಯಸ್ಸು ಬರೆದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಗೊಂಬೆ ನೋಡಲು ಹಾಲುಗಲ್ಲದ ಮಗುವಿಗೆ ಮಾಡಿದಂತಿದ್ದರೆ ಪರೀಕ್ಷಕರು ಅದನ್ನು ಆ ವಯಸ್ಸಿನದ್ದೆಂದೇ ಎಣಿಸುತ್ತಾರೆ.

ಚರ್ಮಕ್ಕೆ ತಾಗುವುದೆಂದರೆ

ಗೊಂಬೆಯನ್ನು ಹಿಡಿಯುತ್ತೇವೆ, ಬಿಡುತ್ತೇವೆ. ಕಡಗ ದಿನವಿಡೀ ಬೆವರಿನಲ್ಲಿ ಕೂರುತ್ತದೆ. ಹಾಗಾಗಿ ಇಂಥ ವಸ್ತು ಆಟಿಕೆಯ ನಿಯಮ, ಒಡವೆಯ ನಿಯಮ ಎರಡಕ್ಕೂ ಉತ್ತರ ಕೊಡಬೇಕು. ಅಮೆರಿಕದಲ್ಲಿ ಆಟಿಕೆಗೆ ಎಎಸ್‌ಟಿಎಂ ಎಫ್963, ಮಕ್ಕಳ ಒಡವೆಗೆ ಎಫ್2923 ಎಂದು ಬೇರೆ ಬೇರೆ ಮಾನದಂಡಗಳೇ ಇವೆ.

ಲೋಹದ ಭಾಗವಿದ್ದರೆ ಮೊದಲ ಶತ್ರು ಸೀಸ. ಅಗ್ಗ, ಬೇಗ ಕರಗುತ್ತದೆ, ಅಚ್ಚಿಗೆ ಚೆನ್ನಾಗಿ ಹರಿಯುತ್ತದೆ, ತೂಕದಿಂದ ಬೆಲೆಬಾಳುವ ಒಡವೆಯ ಭ್ರಮೆಯನ್ನೂ ಕೊಡುತ್ತದೆ. 2006ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ನಾಲ್ಕು ವರ್ಷದ ಮಗು ಬ್ರೇಸ್‌ಲೆಟ್‌ನ ಹೃದಯಾಕಾರದ ಪದಕ ನುಂಗಿ ತೀರಿಕೊಂಡಿತು. ಆ ಪದಕದಲ್ಲಿ ಶೇ. 99ರಷ್ಟು ಸೀಸವಿತ್ತು. ಈಗ ಅಲ್ಲಿ ಮಕ್ಕಳ ವಸ್ತುಗಳಲ್ಲಿ ಸೀಸದ ಮಿತಿ ಹತ್ತು ಲಕ್ಷಕ್ಕೆ 100 ಭಾಗ, ಬಣ್ಣದಲ್ಲಿ 90. ಯುರೋಪಿನಲ್ಲಿ ಒಡವೆಯೊಳಗಿನ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಶೇ. 0.01 ಮುಟ್ಟಬಾರದು.

ಎರಡನೆಯದು ನಿಕ್ಕಲ್. ಚಿನ್ನದ ಬಣ್ಣದ ಲೇಪದ ಕೆಳಗೆ ಹೊಳಪಿಗೆಂದು ನಿಕ್ಕಲ್ ಪದರ ಇಡುವುದು ವಾಡಿಕೆ. ಮೇಲಿನ ಲೇಪ ಸವೆದ ಮೇಲೆ ಅದು ಬೆವರಿನಲ್ಲಿ ಕರಗಿ ಚರ್ಮಕ್ಕೆ ತುರಿಕೆ ತರುತ್ತದೆ. ಯುರೋಪಿನ ಮಿತಿಯನ್ನು ಒಳಗಿರುವ ನಿಕ್ಕಲ್ ಎಷ್ಟು ಎಂಬುದರ ಮೇಲಲ್ಲ, ಹೊರಬರುವುದು ಎಷ್ಟು ಎಂಬುದರ ಮೇಲೆ ಇಟ್ಟಿದ್ದಾರೆ: ವಾರಕ್ಕೆ, ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ. ಕೀಲಿನ ಕಡ್ಡಿಗೆ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ಈ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ.

ಪ್ಲಾಸ್ಟಿಕ್‌ಗಳು ಒಂದರ ಮೇಲೊಂದು ಕೂರುವುದರಲ್ಲೂ ಒಂದು ಗುಟ್ಟಿದೆ. ಮೆತ್ತನೆಯ ಪಿವಿಸಿಯಲ್ಲಿ ಮೆದುಗೊಳಿಸುವ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಅದು ತಿಂಗಳುಗಳಲ್ಲಿ ಪಕ್ಕದ ಎಬಿಎಸ್‌ಗೆ ಇಳಿದು ಅದನ್ನು ಅಂಟಂಟಾಗಿಸುತ್ತದೆ, ಬಣ್ಣವನ್ನೂ ಕೀಳುತ್ತದೆ. ಪೆಟ್ಟಿಗೆಯಲ್ಲಿಟ್ಟ ಗೊಂಬೆಯ ಮುಖಕ್ಕೆ ಜಡೆಯ ಅಚ್ಚು ಮೂಡಿದ್ದರೆ ಕಾರಣ ಇದು. ಮೆತ್ತನೆ ಭಾಗಕ್ಕೆ ಸಿಲಿಕೋನ್ ಆರಿಸಿ.

ಮನೆಯಲ್ಲಿ ಮಾಡುವಾಗ ಕೆಡುವುದು ಎಲ್ಲಿ

ಪ್ಲಾಸ್ಟಿಕ್ ತಂತಿಯ ಸುರುಳಿಯನ್ನು ಕರಗಿಸಿ ಎಳೆಯಾಗಿ ಸುರಿಸುವ ಪ್ರಿಂಟರ್‌ನಲ್ಲಿ ಕೀಲಿನ ಎರಡು ಭಾಗಗಳ ನಡುವೆ 0.3ರಿಂದ 0.4 ಮಿ.ಮೀ. ಸಂದಿ ಬಿಡದಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಕೊಕ್ಕೆಯ ನಾಲಗೆಯನ್ನು ಮಲಗಿಸಿ ಮುದ್ರಿಸಿ. ನಿಲ್ಲಿಸಿ ಮುದ್ರಿಸಿದರೆ ಪದರಗಳು ಅಡ್ಡಕ್ಕೆ ಬಿದ್ದು, ಬಾಗಿದ ಕೂಡಲೇ ಪದರದ ಗೆರೆಯಲ್ಲೇ ಸೀಳುತ್ತದೆ. ಇಂಥ ಪ್ರಿಂಟರ್‌ಗಳಲ್ಲಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟ ಕಡಗ ಅಂಡಾಕಾರವಾಗಿ ಸಿಗಬಹುದು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇಲ್ಲಿ ಮೇಲು.

ದ್ರವ ರೆಸಿನ್ ಪ್ರಿಂಟರ್ ಮುಖದ ನಯವನ್ನು ಬಹಳ ಚೆನ್ನಾಗಿ ಕೊಡುತ್ತದೆ, ನಿಜ. ಆದರೆ ಪೂರ್ತಿ ಗಟ್ಟಿಯಾಗದೆ ಉಳಿದ ರೆಸಿನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಆಕಾರ ನೋಡಲು, ಅಚ್ಚು ತೆಗೆಯಲು ಅದನ್ನು ಬಳಸಿ, ಮಗುವಿನ ಕೈಗೆ ಹಾಕುವ ವಸ್ತುವಾಗಿ ಬೇಡ.

ಕೆಲಸದ ಕ್ರಮವೂ ಮುಖ್ಯ. ಮೊದಲು ಕಾಗದದ ಪಟ್ಟಿ, ಆಮೇಲೆ ಫೋಮ್ ಪಟ್ಟಿ, ಆಮೇಲೆ ಮುಖವಿಲ್ಲದ ಬರೀ ತುಂಡುಗಳ ಸರಪಣಿ. ಸರಪಣಿ ಕೈಗೆ ಸರಿಯಾಗಿ ಸುತ್ತಿ, ಬಿಡಿಸಿದಾಗ ನೆಟ್ಟಗೆ ನಿಂತ ಮೇಲಷ್ಟೇ ಕಣ್ಣು, ಮೂಗು, ಲಂಗ.

ಸರ ಮತ್ತು ಉಂಗುರವಾದರೆ

ತೂಗುವ ಗೊಂಬೆಯಲ್ಲಿ ಕಾಡುವುದು ತೂಕದ ಹಂಚಿಕೆ. ಗೊಂಬೆಯ ತಲೆ ಭಾರ, ಆದ್ದರಿಂದ ನಡುವಿಗೆ ಕುಣಿಕೆ ಇಟ್ಟು ನೇತುಹಾಕಿದರೆ ತಲೆಕೆಳಗಾಗುತ್ತದೆ. ಕುಣಿಕೆ ನೆತ್ತಿಯಲ್ಲಿರಬೇಕು. ಒಂದೇ ಕುಣಿಕೆಯಾದರೆ ಗೊಂಬೆ ಸುತ್ತಿ ಸುತ್ತಿ ಬೆನ್ನು ತೋರಿಸುತ್ತದೆ, ಎರಡು ಭುಜಗಳಲ್ಲಿ ಎರಡು ಕುಣಿಕೆ ಇಟ್ಟರೆ ಮುಖ ಮುಂದಕ್ಕೇ ನಿಲ್ಲುತ್ತದೆ. ಆದರೆ ತಲೆಯ ಭಾರ ಭುಜಕ್ಕಿಂತ ಮೇಲಿರುವುದರಿಂದ ಮುಂದಕ್ಕೆ ಬಾಗುವ ಚಾಳಿ ಬರುತ್ತದೆ. ಟೊಳ್ಳು ತಲೆ, ತುಂಬಿದ ಕಾಲು ಅದಕ್ಕೆ ಮದ್ದು. ಸರ ಎಂದ ಮೇಲೆ ತಾನಾಗಿ ಬಿಡುವ ಕೊಂಡಿ ಕಡ್ಡಾಯ: ಜಾರುಬಂಡೆಯ ತುದಿಗೆ, ಬಾಗಿಲ ಹಿಡಿಗೆ ಸಿಕ್ಕ ಸರ ಮಗುವಿನ ತೂಕಕ್ಕೂ ಬಿಡದಿದ್ದರೆ ಅದು ನೇಣು. ಆಯ್ಕೆ ಇರುವಲ್ಲಿ ಸರಕ್ಕಿಂತ ಕಡಗವನ್ನೇ ಆರಿಸಬೇಕೆನ್ನುವುದು ಇದಕ್ಕಾಗಿ.

ಉಂಗುರ ಪೂರ್ತಿ ಸುತ್ತು ಇರಬಾರದು. 3–4 ಮಿ.ಮೀ. ಬಾಯಿ ತೆರೆದ ಉಂಗುರ ಬೆರಳು ಊದಿಕೊಂಡರೂ ಅಗಲವಾಗಿ ಬರುತ್ತದೆ, ಮುಚ್ಚಿದ್ದನ್ನು ಕತ್ತರಿಸಬೇಕಾಗುತ್ತದೆ.

ಕೊನೆಗೆ ಹಿಂಸೆ

ಮಾದರಿ ಮುಗಿದ ಮೇಲೆ ಅದನ್ನು ಹಾಳುಮಾಡಲು ಪ್ರಯತ್ನಿಸಬೇಕು. ಇಎನ್ 71ರ ಕ್ರಮದಂತೆ 85 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಐದು ಸಲ ಬೀಳಿಸಿ. ಹಿಡಿತಕ್ಕೆ ಸಿಗುವ ಪ್ರತಿ ಭಾಗವನ್ನೂ ತಿರುಚಿ. ಹೊರಚಾಚಿದ ಭಾಗಕ್ಕೆ ಬಕೆಟ್ ನೇತುಹಾಕಿ ಒಂಬತ್ತು ಲೀಟರ್ ನೀರು ಸುರಿಯಿರಿ, ಬಕೆಟ್ಟಿನ ತೂಕ ಸೇರಿ 90 ನ್ಯೂಟನ್ ದಾಟಿಯೇ ದಾಟುತ್ತದೆ. ಅದೇ ಬಕೆಟ್ಟನ್ನು ಮುಚ್ಚಿದ ಕಡಗಕ್ಕೆ ಕೊಂಡಿಯ ನೇರ ಎದುರಿಗೆ ಕಟ್ಟಬೇಡಿ, ಅಲ್ಲಿ ಭಾರ ಎರಡು ಬದಿಗೆ ಹಂಚಿ ಲೆಕ್ಕ ತಪ್ಪುತ್ತದೆ. ಕೊಂಡಿಯ ಒಂದು ಅರ್ಧವನ್ನು ಕಟ್ಟಿ ಇನ್ನೊಂದಕ್ಕೆ ನೇತುಹಾಕಿ. ಬಕೆಟ್ಟೂ ನೀರೂ ಸೇರಿ ಎರಡು ಕಿಲೋ ಆಗುವ ಹೊತ್ತಿಗೆ ಬಿಟ್ಟುಕೊಂಡರೆ ಸರಿಯಾಗಿದೆ.

ಮಗು ದಿನಕ್ಕೆ ಹತ್ತು ಸಲ ಗೊಂಬೆಯನ್ನು ಕಡಗ ಮಾಡಿ ಮತ್ತೆ ಗೊಂಬೆ ಮಾಡಿದರೆ ವರ್ಷಕ್ಕೆ 3,650 ಸಲ. ಐದು ಸಾವಿರಕ್ಕೆ ಗುರಿಯಿಡಿ. ಪ್ರತಿ ಐನೂರಕ್ಕೊಮ್ಮೆ ಬಕೆಟ್ಟಿನಿಂದ ಕೊಂಡಿಯ ಬಲ ಅಳೆದು ಬರೆದಿಡಿ. ಬಲ ನಿಧಾನವಾಗಿ ಇಳಿಯುತ್ತಿದ್ದರೆ ಬಟ್ಟಲು ಸವೆಯುತ್ತಿದೆ. ಏಕಾಏಕಿ ಇಳಿದರೆ ಎಲ್ಲೋ ಬಿರುಕು ಬಿಟ್ಟಿದೆ, ಕೊಂಡಿಯ ಬುಡವನ್ನು ಬೆಳಕಿಗೆ ಹಿಡಿದು ಬಿಳಿ ಗೆರೆ ಹುಡುಕಿ.